ಶಿವಬಸವ್ವನ ಕಿಲುಬು

ಶಿವಬಸವ್ವ ನನಗೆ ಇಟ್ಟ ಹೆಸರು ಉಚ್ಚಿ ತಂಗಿ. ಮಂಡ್ಯದಲ್ಲಿ ನಮ್ಮಮ್ಮ ನೆಂಟರ ಮುಂದೆಲ್ಲ ‘ನಮ್ಮ ನಿಖಿತಾ ಪುಣೆಯ ದೊಡ್ಡಾಸ್ಪತ್ರೇಲಿ ರಿಸರ್ಚ್ ಮಾಡ್ತಾಳೆ’ ಎಂದು ಹೇಳಿಕೊಂಡು ತಿರುಗುತ್ತಾಳೆ. ಯಾವುದರ ಮೇಲೆ ರಿಸರ್ಚ್ ಎಂದು ಯಾರಾದರೂ ಕೇಳಿದರೆ ಕಾಫಿ ತರಲು ಒಳಗೆ ಹೋಗಿಬಿಡುತ್ತಾಳೆ. ಶಿವಬಸವ್ವನಿಗೆ ಅಂಥ ಸಂಕೋಚವೇ ಇರಲಿಲ್ಲ. ಬಾಗಿಲಲ್ಲಿ ನನ್ನ ತಲೆ ಕಂಡ ಕೂಡಲೇ ಒಳಗೆ ಕೂಗುತ್ತಿದ್ದಳು: “ಏನ್ರೀ, ಉಚ್ಚಿ ತಂಗಿ ಬಂದಾಳ, ಎದ್ದ ಕೂಡ್ರಿ.” ಇಡೀ ವಠಾರಕ್ಕೆ ಕೇಳಿಸುತ್ತಿತ್ತು. ಅಲ್ಲಿ ಹೆಚ್ಚಿನವರು ಮರಾಠಿಯವರಾದ್ದರಿಂದ ನನ್ನ ಮಾನ ಹೇಗೋ ಉಳಿಯಿತು.

ನನ್ನ ತಾಯಿಗಿಂತ ದೊಡ್ಡವಳನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ ಎಂದು ಯಾರೂ ಮುಖ ಸಿಂಡರಿಸಬೇಕಾಗಿಲ್ಲ. ನಾನು ‘ಅವರು, ಇವರು’ ಎಂದಾಗಲೆಲ್ಲ “ಯಾರಿಗೆ ಅಂತಿ, ನನಗೋ ನನ್ನ ಗಂಡಗೋ?” ಎಂದು ಗದರಿ ಅದನ್ನು ಬಿಡಿಸಿದವಳು ಅವಳೇ.

ಮಗರಪಟ್ಟಾದಲ್ಲಿ ನಾನು ಗೆಳತಿಯರ ಜೊತೆ ಬಾಡಿಗೆಗಿರುವ ಮನೆ ಎತ್ತರದ ಮಹಡಿಯಲ್ಲಿದೆ. ಅದರ ಅಡುಗೆಮನೆ ಕಿಟಕಿಯಿಂದ ಕೆಳಗೆ ನೋಡಿದರೆ ಹಡಪಸರದ ಹಳೆಯ ವಠಾರವೊಂದರ ತಗಡುಗಳು ಕಾಣುತ್ತವೆ. ಅಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಮೂಲೆಯಲ್ಲೊಂದು ಬಚ್ಚಲು ಇರುವ ಮನೆಯಲ್ಲಿ ಶಿವಬಸವ್ವ ಮತ್ತು ಅವಳ ಗಂಡ ಸಿದ್ದಲಿಂಗಪ್ಪ ಇರುತ್ತಾರೆ. ಬಿಜಾಪುರದ ಕಡೆಯವರು. ಸಿದ್ದಲಿಂಗಪ್ಪ ರವಿವಾರ ಪೇಠೆಯ ಹಿತ್ತಾಳೆ ಪಾತ್ರೆಗಳ ಅಂಗಡಿಯೊಂದರಲ್ಲಿ ಜೀವಮಾನವೆಲ್ಲ ಕೊಡ, ಚರಿಗೆ, ದೀಪದ ಸಮೆಗಳನ್ನು ತೂಗಿ ಕೊಟ್ಟವರು. ಕಾಲು ಊದಿಕೊಳ್ಳಲು ಶುರುವಾದ ಮೇಲೆ ಮನೆಯಲ್ಲಿ ಕೂತರು. ಒಬ್ಬಳೇ ಮಗಳು ಮಾಧುರಿ ಮದುವೆಯಾಗಿ ನಾಸಿಕದಲ್ಲಿದ್ದಾಳೆ.

ಅವರನ್ನು ನಾನು ಕಂಡದ್ದು ಆಸ್ಪತ್ರೆಯಲ್ಲಿ. ನಮ್ಮ ಡಾಕ್ಟರ್ ತೃಪ್ತಿ ಅವರು ನಡೆಸುತ್ತಿದ್ದ ಅಧ್ಯಯನಕ್ಕೆ ಕಿಡ್ನಿ ಕಾಯಿಲೆಯವರ ಬೆಳಗಿನ ಮೊದಲ ಮೂತ್ರ ಬೇಕಿತ್ತು. ಹೋಲಿಸಿ ನೋಡಲು ಅದೇ ಮನೆಯಲ್ಲಿರುವ, ಅದೇ ಅನ್ನ ಉಣ್ಣುವ, ಕಾಯಿಲೆಯಿಲ್ಲದ ಒಬ್ಬರದೂ ಬೇಕಿತ್ತು. ಇದನ್ನೆಲ್ಲ ಕನ್ನಡದಲ್ಲಿ ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

“ನಾವು ಉಸಿರಾಡೋ ಆಕ್ಸಿಜನ್ ಇದೆಯಲ್ಲ ಅಮ್ಮಾ, ಅದೇ ಒಮ್ಮೊಮ್ಮೆ ಒಳಗೆ ತಿರುಗಿಬಿದ್ದು ಮೈನ ಕೆಡಿಸುತ್ತೆ. ಒಂಥರಾ ತುಕ್ಕು ಹಿಡಿದ ಹಾಗೆ. ಆ ತುಕ್ಕಿನ ಪುಡಿ ಮೂತ್ರದಲ್ಲಿ ಬರುತ್ತೆ. ಎಷ್ಟು ಬಂತು ಅಂತ ಅಳೆದ್ರೆ, ಕಿಡ್ನಿ ಎಷ್ಟು ಕೆಟ್ಟಿದೆ ಅಂತ ಗೊತ್ತಾಗುತ್ತಾ, ಅದನ್ನೇ ನಾವು ನೋಡ್ತಿರೋದು.”

ಸಿದ್ದಲಿಂಗಪ್ಪ ತಲೆಯಾಡಿಸಿದರು. “ತುಕ್ಕ ಅಲ್ಲವ್ವಾ, ಕಿಲುಬು ಅನ್ನು. ತುಕ್ಕ ಕಬ್ಬಣಕ್ಕ ಹಿಡೀತದ. ಮನಷ್ಯಾ ಹಿತ್ತಾಳಿ.”

“ಹಂಗಾದ್ರ ಹುಣಸಿಹಣ್ಣ ಹಚ್ಚಿ ತಿಕ್ಕಿದ್ರ ಹೋಗತದೇನು?” ಎಂದು ಕೇಳಿದವಳು ಶಿವಬಸವ್ವ. ನಾನು ನಕ್ಕೆ. ಅವಳು ನಗಲಿಲ್ಲ, ನಿಜವಾಗಿಯೂ ಕೇಳಿದ್ದಳು. ನಿನ್ನ ಮೂತ್ರವೂ ಬೇಕು ಎಂದಾಗ ಮಾತ್ರ ಜೋರಾಗಿ ನಕ್ಕಳು. “ನನಗ ಯಾವ ಬ್ಯಾನಿ ಬರತಾವ ತಂಗಿ? ನಾ ಗುಂಡಕಲ್ಲ ಇದ್ದಂಗ ಅದೀನಿ. ಒಯ್ಯಿ, ಎಷ್ಟ ಬೇಕ ಅಷ್ಟ ಒಯ್ಯಿ.”

ಮೊದಲ ಸುತ್ತಿನಲ್ಲಿ ಎಲ್ಲ ಎಣಿಸಿದ ಹಾಗೆಯೇ ಬಂತು. ಸಿದ್ದಲಿಂಗಪ್ಪನವರ ಕಿಲುಬು ಮೇಲಿತ್ತು, ಶಿವಬಸವ್ವನದು ಕೆಳಗೆ, ರಕ್ತವೂ ಚೊಕ್ಕಟ. ಆದರೆ ಸಿದ್ದಲಿಂಗಪ್ಪನವರದು ಅವರ ಕಾಯಿಲೆಯ ಮಟ್ಟಕ್ಕೆ ಹೋಲಿಸಿದರೂ ಅತಿ ಎನಿಸಿತು. ಹೀಗೇ ಏರಿದರೆ ಡಯಾಲಿಸಿಸ್ ಮಂಚ ದೂರವಿಲ್ಲ ಎಂದ ಡಾಕ್ಟರ್ ತೃಪ್ತಿ, ನಾವು ಕೊಟ್ಟ ಮಾತ್ರೆ ಬಿಟ್ಟು ಬೇರೆ ಏನು ತಿನ್ನುತ್ತೀರಿ ಎಂದು ಕೇಳಿದರು. ಸಿದ್ದಲಿಂಗಪ್ಪ ಒಂದು ಪುಡಿಯ ಮಾತು ಹೇಳಿದರು.

ಒಮ್ಮೆ ಊರಿಗೆ ಹೋಗಲು ಸ್ವಾರಗೇಟ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕೊರಳಿಗೆ ಹಳದಿ ಚೀಲ ಹಾಕಿಕೊಂಡ ಒಬ್ಬ ಪಕ್ಕದಲ್ಲಿ ಬಂದು ಕೂತನಂತೆ. ಇವರ ಊದಿದ ಕಾಲು ನೋಡಿ ಇವರದೇ ಕನ್ನಡದಲ್ಲಿ ಮಾತಾಡಿಸಿದನಂತೆ. ಯಾವ ಗುಡಿಯ ಪೂಜಾರಿಯೂ ಅಲ್ಲ, ಯಾವ ಮಠದವನೂ ಅಲ್ಲ, ಊರೂರು ತಿರುಗುವವನು. ಭಂಡಾರದ ಅರಿಸಿನಪುಡಿ ಬೆರೆಸಿದ ಭಸ್ಮವೊಂದನ್ನು ಕೊಟ್ಟು, ಇದು ಮಲ್ಲಯ್ಯನ ಪ್ರಸಾದ, ದಿನಾ ಒಂದು ಚಿಟಿಕೆ ನೀರಲ್ಲಿ ತಗೊಂಡರೆ ಬಾವು ಇಳಿಯುತ್ತದೆ ಎಂದನಂತೆ. ಪರ ಊರಿನಲ್ಲಿ ತಮ್ಮ ಮಾತು ಆಡುವವನನ್ನು ಕಂಡರೆ ನಮ್ಮವರು ಕರಗಿಹೋಗುತ್ತಾರೆ. ಆಮೇಲೆ ಅವನು ಮನೆಗೇ ಬಂದು, ಇವರು ಅಂಗಡಿಯಿಂದ ತಂದಿದ್ದ ಹಿತ್ತಾಳೆಯ ಡಬ್ಬಿಯ ತುಂಬ ಆ ಪುಡಿ ಹಾಕಿಕೊಟ್ಟು ಹೋಗಿದ್ದ.

“ಇವತ್ತಿನಿಂದಲೇ ಬಂದ್” ಎಂದರು ಡಾಕ್ಟರ್. ಸಿದ್ದಲಿಂಗಪ್ಪ ಮಾತು ಕೇಳುವ ಮನುಷ್ಯ. ಅವತ್ತಿನಿಂದ ಆ ಡಬ್ಬಿ ಮುಟ್ಟಲಿಲ್ಲ. ಪುಡಿಯ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ನಾನು ಆ ಮನೆಗೆ ಹೋಗತೊಡಗಿದ್ದು ಸಂಶೋಧನೆಗಾಗಿ ಅಲ್ಲ, ಊಟಕ್ಕಾಗಿ. ಭಾನುವಾರ ಮಧ್ಯಾಹ್ನ ಶಿವಬಸವ್ವ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು ಬಡಿಸುತ್ತಿದ್ದಳು. ಉಂಡಾದ ಮೇಲೆ ಗಂಡ ಹೆಂಡತಿ ಇಬ್ಬರೂ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಅಂಚೆಲ್ಲ ತೊಳೆದು, ಆ ನೀರನ್ನು ಕುಡಿದುಬಿಡುತ್ತಿದ್ದರು. ಒಂದು ಅಗುಳು ಉಳಿಯುತ್ತಿರಲಿಲ್ಲ. ಮೊದಲ ಸಲ ನೋಡಿದಾಗ ನಾನು ಮುಖ ಆಚೆ ತಿರುಗಿಸಿದೆ.

“ಲಿಂಗಕ್ಕ ತೋರಿಸಿ ಉಂಡದ್ದು ಪ್ರಸಾದ ಆಗತದ ತಂಗಿ. ಪ್ರಸಾದ ಕೆಡಿಸಬಾರದು, ಚೆಲ್ಲಬಾರದು” ಎಂದಳು ಶಿವಬಸವ್ವ. ನನ್ನ ತಟ್ಟೆಯಲ್ಲಿ ಉಳಿದ ಬದನೆಕಾಯಿ ತೊಟ್ಟನ್ನು ಒಂದು ಸಲ ನೋಡಿದಳು.

ಗಂಡನ ಕಾಯಿಲೆಗಿಂತ ಹೆಚ್ಚಾಗಿ ಅವಳನ್ನು ಕಾಡುತ್ತಿದ್ದವಳು ಅತ್ತೆ. ತಿಪ್ಪವ್ವ ಎಂದು ಹೆಸರು. ಸತ್ತು ಬಹಳ ವರ್ಷಗಳಾಗಿದ್ದವು. ಅವಳದೂ ಇದೇ ಬಾವು, ಇದೇ ಕಾಯಿಲೆ. ಆಗ ಇವರಿಗೆ ಕಾಯಿಲೆಯ ಹೆಸರೂ ಗೊತ್ತಿರಲಿಲ್ಲ. ಹಲ್ಲಿಲ್ಲದ ತಿಪ್ಪವ್ವ ಹೊಸ್ತಿಲ ಹತ್ತಿರ ಕೂತು ಕಬ್ಬಿಣದ ಪುಟ್ಟ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದಳಂತೆ. ಕೊನೆಗೆ ಕಾಲು ಊದಿ, ಮುಖ ಊದಿ, ‘ಬಾಯಲ್ಲಿ ತಾಮ್ರದ ದುಡ್ಡು ಇಟ್ಟಂತಾಗಿದೆ’ ಎಂದು ಅನ್ನ ಬಿಟ್ಟು, ಅದೇ ಕೋಣೆಯಲ್ಲಿ ಸೊಸೆಯ ತೊಡೆಯ ಮೇಲೆ ಪ್ರಾಣ ಬಿಟ್ಟಳು. ಕುಟ್ಟಾಣಿ ಇನ್ನೂ ಗೋಡೆಯ ಮಾಡದಲ್ಲಿ ಬಟ್ಟೆ ಸುತ್ತಿಕೊಂಡು ಕೂತಿದೆ.

ಒಂದು ಭಾನುವಾರ ಮಟಮಟ ಮಧ್ಯಾಹ್ನ ಸಿದ್ದಲಿಂಗಪ್ಪ ಮಲಗಿದ್ದರು. ನಾನು ಶೇಂಗಾ ಬಿಡಿಸುತ್ತಿದ್ದೆ. ಶಿವಬಸವ್ವ ಮಾತು ನಿಲ್ಲಿಸಿ ತುಟಿಯ ಮೇಲೆ ಬೆರಳಿಟ್ಟಳು.

“ಕೇಳಿಸ್ತೇನು?”

“ಏನಮ್ಮಾ?”

“ಕುಟ್ಟಾಣಿ.”

ಪಕ್ಕದ ಮನೆಯ ಕುಕ್ಕರ್ ಕೂಗಿತು, ಫ್ಯಾನು ಕಿರುಗುಟ್ಟಿತು. ಇನ್ನೇನೂ ಇಲ್ಲ. ಹಾಗೆಂದೆ. ಅವಳು ತನ್ನ ಬಲಗಿವಿಯನ್ನು ಮುಟ್ಟಿ ತೋರಿಸಿದಳು. “ನನ್ನ ಕಿವಿ ಹಂತ್ಯಾಕನ ಕುಂತ ಕುಟ್ಟಾಕತ್ತಾಳ. ಟಕ್, ಟಕ್. ನಾ ಮಲಗಿದ್ರ ಜೋರ ಕುಟ್ಟತಾಳ.”

ಹಗಲು ಬೆಳಕಿನಲ್ಲಿ, ಅಷ್ಟೊಂದು ಜನ ಓಡಾಡುವ ವಠಾರದಲ್ಲಿ, ನನ್ನ ಕೈ ಶೇಂಗಾ ಬುಟ್ಟಿಯಲ್ಲೇ ನಿಂತುಹೋಯಿತು. ದೆವ್ವ ಭೂತ ನಂಬುವವಳಲ್ಲ ನಾನು. ಆದರೆ ಅವಳು ಹೊಸ್ತಿಲ ಕಡೆ ನೋಡಿದ ರೀತಿಗೆ ನಾನೂ ಹೊಸ್ತಿಲ ಕಡೆ ನೋಡಿದೆ.

ಆಮೇಲೆ ಪ್ರತಿ ಭಾನುವಾರವೂ ಒಂದೊಂದು ಹೊಸ ಸುದ್ದಿ. ಬೆಳಿಗ್ಗೆ ಎದ್ದರೆ ಅತ್ತೆಯ ಬಾಯಿ ತನ್ನ ಬಾಯಿಗೆ ಬಂದಿರುತ್ತದೆ, ತಾಮ್ರ ತಾಮ್ರ ಎನ್ನುತ್ತದೆ. ಅತ್ತೆ ತನ್ನ ಚಪ್ಪಲಿ ಮೆಟ್ಟಿಕೊಂಡು ಓಡಾಡುತ್ತಾಳೆ, ಅದಕ್ಕೇ ಚಪ್ಪಲಿ ಬಿಗಿಯಾಗಿವೆ.

“ಬೇರೆಯವರು ಮೆಟ್ಟಿದ್ರೆ ಸಡಿಲ ಆಗ್ಬೇಕಲ್ವಾ ಅಮ್ಮಾ?” ಎಂದು ನಾನು ಕಿಚಾಯಿಸಿದೆ.

ಅವಳು ಸ್ವಲ್ಪ ಯೋಚಿಸಿದಳು. “ಸತ್ತವರದು ಎಲ್ಲಾ ಉಲ್ಟಾ ಇರತದ ತಂಗಿ.”

ಅತ್ತೆ ಬಂದಿರುವುದು ಮಗನನ್ನು ಕರೆದುಕೊಂಡು ಹೋಗಲಿಕ್ಕೆ ಎನ್ನುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಆ ಬಿಗಿಯಾದ ಚಪ್ಪಲಿಯಲ್ಲೇ ಒಂದು ದಿನ ಜೇಜುರಿಯ ಮಲ್ಲಯ್ಯನ ಗುಡ್ಡಕ್ಕೆ ಹೋಗಿ, ಮೆಟ್ಟಿಲು ಹತ್ತಿ, ಭಂಡಾರ ತೂರಿ ಬಂದಳು. ನನ್ನ ಹಣೆಗೂ ಹಚ್ಚಿದಳು. ಏನು ಬೇಡಿಕೊಂಡೆ ಎಂದು ಕೇಳಿದರೆ “ದೇವರಿಗೆ ಹೇಳಿದ್ದು ಮನಷ್ಯಾರಿಗೆ ಹೇಳಬಾರದು” ಎಂದು ಬಾಯಿ ಮುಚ್ಚಿಸಿದಳು.

ಕೆಲವು ತಿಂಗಳ ಮೇಲೆ ಎರಡನೇ ಸುತ್ತು ಬಂತು. ಎರಡು ಬಾಟಲಿಗಳನ್ನೂ ಐಸ್ ಡಬ್ಬದಲ್ಲಿ ಹೊತ್ತು ತಂದದ್ದು ನಾನೇ. ಫಲಿತಾಂಶ ಪರದೆಯ ಮೇಲೆ ಬಂದಾಗ ನಾನು ಕುರ್ಚಿ ಹತ್ತಿರ ಎಳೆದುಕೊಂಡು ಮತ್ತೆ ನೋಡಿದೆ. ಸಿದ್ದಲಿಂಗಪ್ಪನವರ ಕಿಲುಬು ಇಳಿದಿತ್ತು. ಶಿವಬಸವ್ವನದು ಏರಿತ್ತು, ಗಂಡನದು ಮೊದಲು ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲಿಗೇ. ಯಾರೋ ಅವರ ಕಾಯಿಲೆಯನ್ನು ಎತ್ತಿ ಇವಳೊಳಗೆ ಇಟ್ಟ ಹಾಗಿತ್ತು.

“ಬಾಟಲಿ ಅದಲುಬದಲಾಗಿವೆ, ಇನ್ನೇನು” ಎಂದು ಡಾಕ್ಟರ್ ತೃಪ್ತಿ ಮರಾಠಿಯಲ್ಲಿ ಹೇಳಿ ಪರದೆ ಮುಚ್ಚಿದರು. ಮತ್ತೆ ತರಲು ನನ್ನನ್ನೇ ಕಳಿಸಿದರು.

ಬೆಳಿಗ್ಗೆ ಬೆಳಿಗ್ಗೆಯೇ ಹೋಗಿ, ಬಾಟಲಿ ಅದಲುಬದಲಾಯಿತಾ ಎಂದು ಕೇಳಿದ್ದಕ್ಕೆ ಶಿವಬಸವ್ವ ಕೆಂಡವಾದಳು. “ಗಂಡಂದು ಯಾವುದು, ನನ್ನದು ಯಾವುದು ನನಗ ತಿಳಿಯಂಗಿಲ್ಲೇನು? ಅವರ ಬಾಟ್ಲಿ ಮುಚ್ಚಳಕ್ಕ ನಾ ವಿಭೂತಿ ಹಚ್ಚಿ ಕೊಡತೀನಿ. ನೀ ನೋಡೇ ಇಲ್ಲೇನು?”

ನೋಡಿದ್ದೆ. ಒಂದು ಮುಚ್ಚಳದ ಮೇಲೆ ಎರಡೂ ಸಲ ಬಿಳಿಯ ಪುಡಿ ಇತ್ತು. ಪ್ರಯೋಗಾಲಯಕ್ಕೆ ಹೋದ ಮೇಲೆ ಮೊದಲು ಅದನ್ನು ಒರೆಸುವುದೇ ನನಗೊಂದು ಕೆಲಸವಾಗಿತ್ತು. ಹಾಗಿದ್ದರೆ ಅದಲುಬದಲಾಗಿರಲು ಸಾಧ್ಯವಿಲ್ಲ.

ಅವಳು ಬಚ್ಚಲಿಗೆ ಹೋಗಿ ಬಂದು ತನ್ನ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. ಇನ್ನೂ ಬೆಚ್ಚಗಿತ್ತು. ಮೇಲೆ ನೊರೆ ನಿಂತಿತ್ತು, ಹಾಲು ಕರೆದಾಗ ಪಾತ್ರೆಯಲ್ಲಿ ನಿಲ್ಲುವಂಥ ಬಿಳಿ ನೊರೆ. ನಾನು ಕಾದೆ. ಅದು ಕರಗಲಿಲ್ಲ. ಕಿಡ್ನಿ ಕಾಯಿಲೆಯವರ ಬಾಟಲಿಗಳಲ್ಲಿ ಆ ನೊರೆಯನ್ನು ನಾನು ದಿನವೂ ನೋಡುತ್ತೇನೆ. ಅವಳ ಪಾದ ನೋಡಿದೆ. ಚಪ್ಪಲಿಯ ಪಟ್ಟಿ ಕೂತಿದ್ದಲ್ಲಿ ಮಾಂಸ ಒಳಗೆ ಇಳಿದು ಗುಂಡಿ ಬಿದ್ದಿತ್ತು. ಅಷ್ಟು ದಿನ ತಿಪ್ಪವ್ವನ ಕಥೆ ಎಂದು ಕೇಳಿದ್ದೆಲ್ಲ ಒಂದೊಂದಾಗಿ ತಲೆಗೆ ಬಂತು. ಬಾಯಿಯ ತಾಮ್ರ, ಬಿಗಿಯಾದ ಚಪ್ಪಲಿ, ಕಿವಿಯ ಟಕ್ ಟಕ್. ದೆವ್ವ ಬಂದದ್ದು ಮಗನಿಗಾಗಿ ಅಲ್ಲ.

ಆಸ್ಪತ್ರೆಯಲ್ಲಿ ಬಿಪಿ ನೋಡಿದರು, ಕಿವಿಯಲ್ಲಿ ಕುಟ್ಟಾಣಿ ಕುಟ್ಟುವಷ್ಟಿತ್ತು. ಎರಡನೇ ಬಾಟಲಿಯೂ ಮೊದಲಿನದನ್ನೇ ಹೇಳಿತು. ರಕ್ತವೂ ಅದನ್ನೇ ಹೇಳಿತು. ಡಾಕ್ಟರ್ ತೃಪ್ತಿ ಅವಳ ಕೈ ಹಿಡಿದುಕೊಂಡು ನಿಧಾನವಾಗಿ ಮರಾಠಿಯಲ್ಲಿ ಹೇಳಿದರು: ನಿಮ್ಮ ಯಜಮಾನರು ಸುಧಾರಿಸಿದ್ದಾರೆ, ಆದರೆ ನಿಮ್ಮ ಕಿಡ್ನಿ ಕೆಡುತ್ತಿದೆ.

ಶಿವಬಸವ್ವನ ಮುಖ ಅರಳಿತು. ಈ ಮಾತನ್ನು ನಾನು ಹೇಗೆ ಬರೆದರೂ ಓದುವವರು ನಂಬಲಿಕ್ಕಿಲ್ಲ. ಅವಳು ಎರಡೂ ಕೈ ಎತ್ತಿ ಮುಗಿದಳು, ಕಣ್ಣಲ್ಲಿ ನೀರು ಬಂತು, ಬಾಯಿ ನಗುತ್ತಿತ್ತು. “ಕೇಳಿದಾ ಮಲ್ಲಯ್ಯ, ಕೇಳಿದಾ. ಅವರ ಬ್ಯಾನಿ ನನಗ ಕೊಡಪಾ ಅಂತ ಬೇಡಕೊಂಡಿದ್ದೆ. ಕೊಟ್ಟಾ.”

ಡಾಕ್ಟರ್ ನನ್ನ ಮುಖ ನೋಡಿದರು, ಅನುವಾದಿಸು ಎಂದು. ಭಯವಾದಾಗ ನನಗೆ ಬರುವುದು ಸಿಟ್ಟು. ಅವಳನ್ನು ಹಿಡಿದು ಅಲ್ಲಾಡಿಸಬೇಕು ಎನ್ನಿಸಿತು. “ದೇವರು ಹಾಗೆಲ್ಲ ಕಾಯಿಲೆ ಕೊಡಲ್ಲಮ್ಮಾ. ನೀನೇನೋ ತಿಂತಿದ್ದೀಯ. ಏನು ತಿಂತಿದ್ದೀಯ ಹೇಳು” ಎಂದು ಅಷ್ಟು ಜನರ ಮುಂದೆ ಕಿರುಚಿದೆ.

“ಏನ್ ತಿನ್ನತೀನಿ? ರೊಟ್ಟಿ, ಪಲ್ಯಾ, ಪ್ರಸಾದ.”

“ಯಾವ ಪ್ರಸಾದ?”

ಅವಳು ಮಗುವಿಗೆ ಹೇಳುವಂತೆ ಹೇಳಿದಳು. ಡಾಕ್ಟರು ಗಂಡನಿಗೆ ಬೇಡವೆಂದ ಮೇಲೆ ಡಬ್ಬಿಯಲ್ಲಿ ಅಷ್ಟೂ ಪುಡಿ ಉಳಿದಿತ್ತಲ್ಲ. ಮಲ್ಲಯ್ಯನ ಹೆಸರು ಹೇಳಿ ಕೊಟ್ಟದ್ದು. ಕಸದ ಗಾಡಿಗೆ ಹಾಕಲಾದೀತೇ? ಹೊಳೆಗೆ ಬಿಡೋಣವೆಂದರೆ ಮುಠಾ ನದಿಯ ಆ ಕಪ್ಪು ನೀರಿಗೆ ಹೇಗೆ ಬಿಡುವುದು? ಪ್ರಸಾದ ಚೆಲ್ಲಬಾರದು, ಮನೆಯಲ್ಲಿ ಯಾರಾದರೂ ಮುಗಿಸಲೇಬೇಕು. ಗಂಡನಿಗೆ ಬೇಡ ಅಂದಿದ್ದಾರೆ, ತನಗೆ ಯಾರೂ ಬೇಡ ಅಂದಿಲ್ಲ. ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ಒಂದು ಚಿಟಿಕೆ ನೀರಿಗೆ ಹಾಕಿ ಕುಡಿದು, ಲೋಟ ತೊಳೆದು ಆ ನೀರನ್ನೂ ಕುಡಿಯುತ್ತಿದ್ದಳು.

ಅವತ್ತೇ ಹೋಗಿ ಚೂರು ಪುಡಿ ತಂದು ಪರೀಕ್ಷೆಗೆ ಕೊಟ್ಟೆವು. ಅದರಲ್ಲಿ ಪಾದರಸವಿತ್ತು, ಸೀಸವಿತ್ತು. ಹಳೆಯ ಥರ್ಮಾಮೀಟರು ಒಡೆದರೆ ನೆಲದ ಮೇಲೆ ಹರಿದಾಡುವ ಅದೇ ಪಾದರಸ. ಮೈಯೊಳಗೆ ಕಿಲುಬು ಎಬ್ಬಿಸುವುದಕ್ಕೆ ಅದಕ್ಕಿಂತ ದೊಡ್ಡದು ಬೇಕಿಲ್ಲ. ಈಗ ಬಿಟ್ಟರೆ ಕಿಡ್ನಿ ಬಹುಮಟ್ಟಿಗೆ ಉಳಿಯುತ್ತದೆ, ಬಿಡದಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರ್. ಅಷ್ಟೇ ಮಾತು. ಶಿವಬಸವ್ವ ತಲೆಯಾಡಿಸಿ, ಮಾತ್ರೆ ತೆಗೆದುಕೊಂಡು, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಗಂಡನ ಹೆಗಲು ಹಿಡಿದುಕೊಂಡು ಮನೆಗೆ ಹೋದಳು.

ಮುಂದಿನ ಭಾನುವಾರ ನಾನು ಹೋದಾಗ ದೇವರ ಜಗಲಿಯ ಮೇಲೆ ಹಿತ್ತಾಳೆ ಡಬ್ಬಿ ಹಾಗೆಯೇ ಇತ್ತು. ಪಕ್ಕದಲ್ಲಿ ಲೋಟ ಬೋರಲು ಬಿದ್ದಿತ್ತು, ಅಂಚಿನಲ್ಲಿ ಹಳದಿ ಗೆರೆ. ಸಿದ್ದಲಿಂಗಪ್ಪ ಸ್ನಾನಕ್ಕೆ ಹೋಗಿದ್ದರು. ನಾನು ಲೋಟ ಎತ್ತಿ ಅವಳ ಮುಖಕ್ಕೆ ಹಿಡಿದೆ.

ಅವಳು ಸುಳ್ಳು ಹೇಳಲಿಲ್ಲ. ಅತ್ತಿತ್ತ ನೋಡಿ ದನಿ ತಗ್ಗಿಸಿ ಹೇಳಿದಳು. “ನಾ ಉಣಾಕ ಸುರು ಮಾಡಿದ ಮ್ಯಾಲೇ ಅವರದು ಇಳೀತು, ಹೌದಿಲ್ಲ? ನೀನ ಹೇಳಿದಿ. ನಾ ಬಿಟ್ರ ಅದು ಎಲ್ಲಿಗಿ ಹೋಗತದ? ತಿರಗಿ ಅವರ ಹಂತ್ಯಾಕ ಹೋಗತದ. ಅತ್ತಿ ಹೊಸ್ತಿಲದಾಗ ಕುಂತಾಳ ತಂಗಿ. ಅಕಿಗೆ ಒಬ್ಬರು ಬೇಕು. ನಾ ಹೋದ್ರ ನಡೀತದ.”

“ಅವರದ್ದು ಇಳಿದದ್ದು ಆ ಪುಡಿ ಬಿಟ್ಟಿದ್ದಕ್ಕೆ. ನಿಂದು ಏರಿದ್ದು ನೀನು ತಿಂದಿದ್ದಕ್ಕೆ. ಅಷ್ಟೇನಮ್ಮಾ, ಅಷ್ಟೇ.”

“ಅದನ್ನ ನಾನೂ ಹೇಳಾಕತ್ತೀನಿ. ಅವರು ಬಿಟ್ರು, ನಾ ತಗೊಂಡೆ.”

ಎರಡು ಬಾಟಲಿಗಳ ಅಂಕಿಗಳೂ ಅವಳು ಹೇಳಿದ ಹಾಗೆಯೇ ಇದ್ದವು. ನನ್ನ ಕಥೆಯಲ್ಲಿ ಪಾದರಸವಿತ್ತು, ಅವಳ ಕಥೆಯಲ್ಲಿ ತಿಪ್ಪವ್ವ ಇದ್ದಳು. ಅವಳ ಕಥೆಯನ್ನು ಅವಳಿಂದ ಕಿತ್ತುಕೊಳ್ಳುವ ದಾರಿ ನನಗೆ ಕಾಣಲಿಲ್ಲ. ಡಬ್ಬಿ ಎತ್ತಿಕೊಂಡು ಓಡಿಹೋಗೋಣ ಎಂದರೆ, ಆ ಹಳದಿ ಚೀಲದವನು ಮತ್ತೆ ಬಂದು ತುಂಬಿಸದೆ ಇರುತ್ತಾನೆಯೇ?

ಸಿದ್ದಲಿಂಗಪ್ಪ ಬಂದರು. ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿ ಊಟಕ್ಕೆ ಕೂತರು. ನಾನು ತಡೆದುಕೊಳ್ಳಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಜೇಜುರಿಯ ಹರಕೆ, ಲೋಟದ ಹಳದಿ ಗೆರೆ, ಹೊಸ್ತಿಲ ಮೇಲೆ ಕೂತ ಅವರ ತಾಯಿ. ಶಿವಬಸವ್ವ ನನ್ನತ್ತ ನೋಡಿದ ನೋಟವನ್ನು ನಾನು ಮರೆಯುವುದಿಲ್ಲ. ಅವರು ಮಾತ್ರ ತಲೆ ಎತ್ತಲಿಲ್ಲ. ರೊಟ್ಟಿ ಮುಗಿಸಿದರು, ಅನ್ನ ಮಜ್ಜಿಗೆ ಉಂಡರು. ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಅಂಚು ತೊಳೆದು, ಕುಡಿದರು. ಆಮೇಲೆ ಎದ್ದು ಜಗಲಿಯ ಮೇಲಿನ ಡಬ್ಬಿ ತೆಗೆದುಕೊಂಡು ಬಂದು ಅದೇ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.

“ಪ್ರಸಾದ ಚೆಲ್ಲಬಾರದು. ಖರೇ ಐತಿ” ಎಂದರು. “ನನ್ನ ಹೆಸರಲೇ ಕೊಟ್ಟದ್ದು. ಉಳದದ್ದು ನಾ ಮುಗಸ್ತೀನಿ.”

ಮುಚ್ಚಳ ತೆಗೆದು ಅಂಗೈ ತುಂಬ ಸುರಿದುಕೊಂಡರು. ಚಿಟಿಕೆಯಲ್ಲ, ಅಂಗೈ ತುಂಬ. ನಾನು ಅಯ್ಯೋ ಎಂದೆನೋ, ಅನ್ನಲಿಲ್ಲವೋ. ಅವರು ನಾಟಕ ಆಡುತ್ತಿರಲಿಲ್ಲ. ಆ ಕೈ ನಡುಗದೆ ಬಾಯಿಯ ಹತ್ತಿರ ಹೋಯಿತು.

ಶಿವಬಸವ್ವ ಹೇಗೆ ಎದ್ದಳೋ ತಿಳಿಯದು. ಅವರ ಕೈಗೆ ಹೊಡೆದಳು. ಮದುವೆಯಾದಾಗಿನಿಂದ ಗಂಡನ ಹೆಸರನ್ನೂ ಎತ್ತದವಳು, ಅಷ್ಟು ಜೋರಾಗಿ ಹೊಡೆದಳು. ಪುಡಿ ಅವರ ಎದೆ, ಗಡ್ಡ, ಜನ್ಮವೆಲ್ಲ ತಿಕ್ಕಿ ತಿಕ್ಕಿ ಫಳಫಳ ಎನ್ನಿಸಿದ್ದ ಆ ತಟ್ಟೆ, ಎಲ್ಲದರ ಮೇಲೂ ಚೆಲ್ಲಿತು. ಡಬ್ಬಿ ಕಿತ್ತುಕೊಂಡು ಬಚ್ಚಲಿಗೆ ಓಡಿ, ಬೋರಲು ಹಾಕಿ, ನಲ್ಲಿ ಬಿಟ್ಟಳು. ಹಳದಿ ನೀರು ಸುತ್ತಿ ಸುತ್ತಿ ಮೋರಿಯ ತೂತಿಗೆ ಇಳಿಯಿತು. ಅವಳು ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದಳು. “ಚೆಲ್ಲಿದೆ, ಅತ್ತೀ, ಪ್ರಸಾದ ಚೆಲ್ಲಿದೆ. ಏನ್ ಮಾಡತಿ ನನಗ ಮಾಡು. ಅವರನ್ನ ಮುಟ್ಟಬ್ಯಾಡ.”

ಅಳುತ್ತಲೇ ಡಬ್ಬಿಗೆ ಒಂದಿಷ್ಟು ನೀರು ಹಿಡಿದಳು, ಬೆರಳು ಹಾಕಿ ಸುತ್ತಲೂ ತೊಳೆದಳು. ಆಮೇಲೆ ಆ ಡಬ್ಬಿಯನ್ನು ಬಾಯಿಗೆ ಎತ್ತಿದಳು. ಬೇಕೆಂದು ಮಾಡಿದ್ದಲ್ಲ. ಅವಳ ಕೈಗೆ ಬೇರೆ ಗೊತ್ತಿರಲಿಲ್ಲ. ಹಿಂದೆಯೇ ಬಂದು ನಿಂತಿದ್ದ ಸಿದ್ದಲಿಂಗಪ್ಪ ಡಬ್ಬಿಯ ಬಾಯಿಗೆ ತಮ್ಮ ಅಂಗೈ ಅಡ್ಡ ಇಟ್ಟರು. ಅವಳು ಅವರ ಮುಖ ನೋಡಿದಳು. ಆ ನೀರನ್ನೂ ಚೆಲ್ಲಿದಳು.

ಅದಾದ ಮೇಲೆ ಅವಳು ನನ್ನ ಜೊತೆ ಕೆಲವು ಭಾನುವಾರ ಮಾತಾಡಲಿಲ್ಲ. ರೊಟ್ಟಿ ಮಾತ್ರ ಬಡಿಸುತ್ತಿದ್ದಳು. ನಿಧಾನವಾಗಿ ಕಾಲಿನ ಬಾವು ಇಳಿಯಿತು. ಚಪ್ಪಲಿ ಸರಿಹೋದವು. ಕುಟ್ಟಾಣಿ ಸದ್ದು ನಿಂತಿತು, ಆದರೆ ಅತ್ತೆ ಹೋಗಿಲ್ಲ, ಸುಮ್ಮನೆ ಕೂತಿದ್ದಾಳೆ ಎಂದು ಅವಳು ಹೇಳುತ್ತಾಳೆ. ಹೊಸ್ತಿಲು ದಾ‌ಟುವಾಗ ಸೀರೆ ಎತ್ತಿ, ಒಂದು ಬದಿಗೆ ಸರಿದು ದಾಟುತ್ತಾಳೆ. ಈಗೀಗ ನಾನೂ ಹಾಗೇ ದಾಟುತ್ತೇನೆ.

ಮೊನ್ನೆ ಮೂರನೇ ಸುತ್ತಿನ ಬಾಟಲಿಗಳು ಸಿಕ್ಕವು. ಈ ಸಲ ಎರಡೂ ಮುಚ್ಚಳಗಳ ಮೇಲೆ ವಿಭೂತಿ ಇತ್ತು. ಅವಳ ಬಾಟಲಿಯ ಮೇಲಿನದು ದಪ್ಪ ಬೆರಳಿನದು, ಸಿದ್ದಲಿಂಗಪ್ಪನವರದು. ಒರೆಸಲು ಮನಸ್ಸಾಗದೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದೆ.

ಶಿವಬಸವ್ವನ ಕಿಲುಬು ಇಳಿದಿದೆ. ಮೊದಲಿನಷ್ಟಕ್ಕೆ ಬಂದಿಲ್ಲ, ಬರುತ್ತದೆಂದು ಡಾಕ್ಟರ್ ಮಾತು ಕೊಡುವುದಿಲ್ಲ. ಆದರೂ ಇಳಿದಿದೆ. ಸಿದ್ದಲಿಂಗಪ್ಪನವರದು ಒಂದಿಷ್ಟು ಏರಿದೆ. ಹೆಚ್ಚೇನಲ್ಲ. ಹಳೆಯ ಕಾಯಿಲೆ, ವಯಸ್ಸು, ಅಳತೆಯಲ್ಲೇ ಅಷ್ಟು ಆಚೀಚೆ ಆಗುತ್ತದೆ, ಮುಂದಿನ ಸಲ ನೋಡೋಣ ಎಂದರು ಡಾಕ್ಟರ್ ತೃಪ್ತಿ. ನನಗೂ ಅದು ಗೊತ್ತು. ಆದರೂ ಪರದೆಯ ಮೇಲೆ ಇಬ್ಬರದನ್ನೂ ಅಕ್ಕಪಕ್ಕದಲ್ಲಿ ನೋಡಿದಾಗ, ಒಂದು ಇಳಿದದ್ದು, ಇನ್ನೊಂದು ಏರಿದ್ದು, ನಾನು ಬೇಗನೆ ಪರದೆ ಮುಚ್ಚಿದೆ.

ಭಾನುವಾರ ಹೋದಾಗ ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. ಉಚ್ಚಿ ತಂಗಿ ಎಂದು ಕೂಗಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡಳು. ತನ್ನದು ಏನಾಯಿತು ಎಂದು ಕೇಳಲೇ ಇಲ್ಲ.

“ಅವರದು ಏರಿಲ್ಲಲ್ಲ ತಂಗಿ?”

ಒಳಗೆ ಸಿದ್ದಲಿಂಗಪ್ಪ ತಟ್ಟೆ ಇಟ್ಟುಕೊಂಡು ಕೂತಿದ್ದರು. ಜಗಲಿಯ ಮೇಲೆ ತೊಳೆದು ಒರೆಸಿದ ಖಾಲಿ ಡಬ್ಬಿ ಹೊಳೆಯುತ್ತಿತ್ತು. ನಾನು ಹೊಸ್ತಿಲ ಕಡೆ ನೋಡದೆ ಹೇಳಿದೆ.

“ಇಲ್ಲಮ್ಮಾ. ಏರಿಲ್ಲ.”